ಪ್ರಮಾಣಪತ್ರವೊಂದೇ ಸಾಲದು

ಬೌದ್ಧಿಕ ನ್ಯೂನತೆಯುಳ್ಳ ಕರಾಟೆ, ಜೂಡೋಪಟುಗಳನ್ನು ವರ್ಗೀಕರಿಸುವುದು ಅವಮಾನಕರ, ವೈದ್ಯರ ಪ್ರಮಾಣಪತ್ರವಿದ್ದರೆ ಎಲ್ಲರನ್ನೂ ಒಂದೇ ಅಂಕಣಕ್ಕಿಳಿಸಬಹುದು ಎಂಬ ವಾದ ಈಚೆಗೆ ಅಚ್ಚಾಗಿದೆ. ಅದರ ಹಿಂದಿನ ಕಾಳಜಿ ಮೆಚ್ಚಬೇಕಾದ್ದೇ. ತೀರ್ಮಾನ ಮಾತ್ರ ಪೂರ್ತಿ ತಪ್ಪು.

ಬರೀ ಕಾಗದವನ್ನು ನಂಬಿದ ಫಲ 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ ಬೆನ್ನಿಗೇ ಬಯಲಾಯಿತು. ಚಿನ್ನ ಗೆದ್ದ ಸ್ಪೇನ್ ಬ್ಯಾಸ್ಕೆಟ್‌ಬಾಲ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಬೌದ್ಧಿಕ ನ್ಯೂನತೆಯೇ ಇರಲಿಲ್ಲ. ದಂಡ ತೆತ್ತವರು ನಿಜವಾದ ಅರ್ಹರು: 2012ರ ಲಂಡನ್ ಕೂಟದವರೆಗೂ ಅವರ ಪಾಲಿಗೆ ಬಾಗಿಲು ಮುಚ್ಚಿತ್ತು. ಮತ್ತೆ ತೆರೆದಾಗ ಐಕ್ಯೂ ಜೊತೆಗೆ ದೈನಂದಿನ ಕೌಶಲಗಳ ಮಿತಿಯನ್ನೂ, ಆಟದ ಮೇಲಾಗುವ ಪರಿಣಾಮವನ್ನೂ ಅಳೆಯಲಾಯಿತು.

ಕರಾಟೆಯಲ್ಲಿ ಈ ಪರಿಣಾಮ ಕಣ್ಣಿಗೇ ಕಾಣುತ್ತದೆ. ಹೆಯಾನ್ ಶೋಡಾನ್ ಎಂಬ ಕತಾದಲ್ಲಿ, ಅಂದರೆ ಕ್ರಮ ತಪ್ಪದೆ ಮಾಡಬೇಕಾದ ಚಲನೆಗಳ ಸರಣಿಯಲ್ಲಿ, 21 ಚಲನೆಗಳು. ಎಡಕ್ಕೆ ತಿರುಗಿ ತಡೆ, ಹೆಜ್ಜೆ ಮುಂದಿಟ್ಟು ಗುದ್ದು, ಆಮೇಲೆ ಪೂರ್ತಿ ಹಿಂದಕ್ಕೆ ತಿರುವು. ಗುದ್ದಿನಲ್ಲಿ ಎಷ್ಟೇ ಕಸುವಿರಲಿ, ಆ ತಿರುವಿನಲ್ಲಿ ಮುಂದಿನದು ನೆನಪಾಗದೆ ಕಾಲು ತಡವರಿಸಿದರೆ ಅಂಕ ಹೋಯಿತು.

ಜೂಡೋದಲ್ಲಿ ವರ್ಗೀಕರಣ ಸುರಕ್ಷತೆಯ ಪ್ರಶ್ನೆ. ಎದುರಾಳಿಯ ಎಸೆತವನ್ನು ತಡವಾಗಿ ಗ್ರಹಿಸುವವರಿಗೆ ಬೀಳುವ ಪೆಟ್ಟೂ ಜೋರು. ಸ್ಪೆಷಲ್ ಒಲಿಂಪಿಕ್ಸ್ ವಯಸ್ಸು, ತೂಕದ ಜೊತೆ ಸಾಮರ್ಥ್ಯವನ್ನೂ ನೋಡಿ ಜೋಡಿ ಮಾಡುತ್ತದೆ.

ಆ ವಾದ ಬರೆದ ಲೇಖಕರು ದನಿಯೆತ್ತಬೇಕಾದ ಜಾಗ ಬೇರೆಯೇ ಇದೆ: ಈ ಪರೀಕ್ಷೆಗಳ ಖರ್ಚು ಕ್ರೀಡಾಪಟುವಿನ ಮನೆಯವರ ತಲೆಗೆ ಬೀಳದಂತೆ ಒಕ್ಕೂಟಗಳೇ ಭರಿಸಲಿ.