ಪಠ್ಯಕ್ರಮ ಬದಲಾಯಿತು, ಪಾಠಗಳು ಎಲ್ಲಿ ಹೋದವು?

ಕೊಪ್ಪಳ ಜಿಲ್ಲೆಯ ಅಳವಂಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಹಳ್ಳಿಗಾಡಿನ ಕಾಲೇಜಿನಲ್ಲಿ 2020ರಲ್ಲಿ ಬಿ.ಎ.ಗೆ ಸೇರಿದವರು ಓದಿದ್ದು ಒಂದು ಪಠ್ಯಕ್ರಮ. ಮರುವರ್ಷ ಸೇರಿದವರ ಹೊತ್ತಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತ್ತು. 2024ರಲ್ಲಿ ರಾಜ್ಯ ಸರ್ಕಾರ ಆ ನೀತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು; ಆ ವರ್ಷ ಸೇರಿದವರಿಗೆ ಮತ್ತೊಂದು ಪಠ್ಯಕ್ರಮ. ಐದು ವರ್ಷದೊಳಗೆ ಮೂರು ಸ್ಕೀಮ್. ವಿಶ್ವವಿದ್ಯಾಲಯದ ಕಥೆಯೂ ಹಾಗೆಯೇ. ಕೊಪ್ಪಳ ಜಿಲ್ಲೆಯ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿದಾಗ ಅತ್ತ ಹೋದವು. 2023ರಲ್ಲಿ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಆರಂಭವಾದಾಗ ಇತ್ತ ಬಂದವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಒಲವು ತೋರಿದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಇತ್ತು.

ಆಗ ನಡೆದ ಚರ್ಚೆಯೆಲ್ಲ ಅನುದಾನ, ಜಮೀನು, ಬೋಧಕರ ಕೊರತೆಯ ಸುತ್ತ. ಈ ವರ್ಷಗಳಲ್ಲಿ ಅಧ್ಯಾಪಕರು ಮಾಡಿದ ಆನ್‌ಲೈನ್ ಪಾಠಗಳಿಗೆ ವಾರಸುದಾರರು ಯಾರು ಎಂಬುದು ಪ್ರಶ್ನೆಯಾಗಿಯೇ ಏಳಲಿಲ್ಲ. ಅವು ಸಣ್ಣ ಗಂಟಲ್ಲ. ಕೋವಿಡ್ ಕಾಲದಲ್ಲಿ ಮೊಬೈಲ್ ಎದುರು ಕೂತು ಮಾಡಿದ ಪಾಠಗಳಿವೆ. 2021ರ ಆರಂಭದಲ್ಲಿ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್, 14 ಎಂಜಿನಿಯರಿಂಗ್ ಕಾಲೇಜುಗಳಿಗೆಂದು ರಾಜ್ಯ ಸರ್ಕಾರ ತಂದ ‘ಕರ್ನಾಟಕ ಎಲ್‌ಎಂಎಸ್’ ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆಗಾಗಿ ಸಿದ್ಧವಾದ ವಿಡಿಯೊ, ನೋಟ್ಸ್, ಪ್ರಶ್ನಾವಳಿಗಳಿವೆ. ಅದೇ ವರ್ಷದ ಕೊನೆಯ ಹೊತ್ತಿಗೆ ಪ್ರಥಮ ವರ್ಷದ ಪಠ್ಯಕ್ರಮ ಬದಲಾಯಿತು. ತಿಂಗಳುಗಟ್ಟಲೆ ದುಡಿದು ಮಾಡಿದ ಪಾಠಗಳು ವರ್ಷ ತುಂಬುವ ಮೊದಲೇ ‘ಹಳೆ ಸಿಲೆಬಸ್’ ಆಗಿಬಿಟ್ಟವು.

ಹಳೆಯ ಪಾಠದ ಬಗ್ಗೆ ನಮ್ಮಲ್ಲಿ ಎರಡೇ ರೂಢಿ: ಒಂದೋ ಇದ್ದಲ್ಲೇ ಬಿಟ್ಟುಬಿಡುವುದು, ಇಲ್ಲವೇ ಜಾಗ ಸಾಲದಾದಾಗ ಒಟ್ಟಿಗೆ ಅಳಿಸುವುದು. ಎರಡರಿಂದಲೂ ವಿದ್ಯಾರ್ಥಿಗೆ ನಷ್ಟವೇ.

ಇದ್ದಲ್ಲೇ ಬಿಟ್ಟರೆ ಆಗುವುದೇನು? ಕೊಪ್ಪಳ ಜಿಲ್ಲೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿವೆ ಎನ್ನುವ ಭೂಗೋಳದ ಪಾಠ 2018ರ ನಂತರ ತಪ್ಪು. ಕುಕನೂರು, ಕಾರಟಗಿ, ಕನಕಗಿರಿ ಸೇರಿ ತಾಲ್ಲೂಕುಗಳು ಏಳಾದವು. ವಿಶ್ವವಿದ್ಯಾಲಯವಿರುವ ತಳಕಲ್ಲೇ ಈಗ ಕುಕನೂರು ತಾಲ್ಲೂಕಿನಲ್ಲಿದೆ. ಆದರೆ 2011ರ ಜನಗಣತಿಯ ಕೋಷ್ಟಕ ಹಿಡಿದು ಕೂತ ವಿದ್ಯಾರ್ಥಿಗೆ ಬೇಕಾದದ್ದು ಆ ನಾಲ್ಕು ತಾಲ್ಲೂಕಿನ ಪಾಠವೇ. ಕಾನೂನು ಓದುವವರಿಗೆ ಇದು ಇನ್ನೂ ಗಂಭೀರ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯ ಸೆಕ್ಷನ್‌ಗಳ ಪಾಠವನ್ನು ಇಂದಿನದೆಂದು ಓದಿದವರು ಪರೀಕ್ಷೆಯಲ್ಲೂ ಎಡವುತ್ತಾರೆ, ವೃತ್ತಿಯಲ್ಲೂ ಎಡವುತ್ತಾರೆ. ಹಾಗೆಂದು ಆ ಪಾಠವನ್ನು ಅಳಿಸುವಂತೆಯೂ ಇಲ್ಲ. ಆ ಜುಲೈ 1ಕ್ಕೂ ಮೊದಲು ನಡೆದ ಅಪರಾಧಗಳ ವಿಚಾರಣೆ ಇಂದಿಗೂ ಹಳೆಯ ಸಂಹಿತೆಯ ಪ್ರಕಾರವೇ ನಡೆಯುತ್ತಿದೆ. ಈ ಎರಡೂ ಪಾಠಗಳಿಗೆ ಬೇಕಿರುವುದು ನೆತ್ತಿಯ ಮೇಲೊಂದು ಸಾಲು: ಯಾವ ಸ್ಕೀಮಿನದು, ಯಾವ ದಿನಾಂಕದವರೆಗೆ ಸರಿ, ಇದರ ನಂತರದ ಪಾಠ ಎಲ್ಲಿದೆ.

ಅಳಿಸಿದರೆ ಮೊದಲು ಪೆಟ್ಟು ತಿನ್ನುವವರು ಬ್ಯಾಕ್‌ಲಾಗ್ ಉಳಿಸಿಕೊಂಡವರು. ಮನೆಯ ಕಷ್ಟಕ್ಕೋ ಮದುವೆಗೋ ಓದು ನಡುವೆ ನಿಂತು, ಮತ್ತೆ ಪರೀಕ್ಷೆ ಕಟ್ಟುವ ಹುಡುಗಿಯರನ್ನು ನೆನೆಯಿರಿ. ವಿಶ್ವವಿದ್ಯಾಲಯ ಅವರಿಗೆ ಹಳೆ ಸ್ಕೀಮಿನಲ್ಲೇ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತದೆ, ಶುಲ್ಕವನ್ನೂ ಪಡೆಯುತ್ತದೆ. ಆದರೆ ತರಗತಿಯಲ್ಲಿ ಆ ಪಾಠ ನಿಂತು ಎಷ್ಟೋ ಕಾಲವಾಗಿರುತ್ತದೆ. ಉಳಿಯುವುದು ಝೆರಾಕ್ಸ್ ಅಂಗಡಿಯ ಹಳೆ ನೋಟ್ಸು ಮತ್ತು ಯಾರದೋ ವಾಟ್ಸ್‌ಆ್ಯಪ್ ಗ್ರೂಪು. ಪರೀಕ್ಷೆ ನಡೆಸುವ ಕರ್ತವ್ಯ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಆ ಪರೀಕ್ಷೆಯ ಪಾಠವನ್ನು ಸಿಗುವಂತೆ ಇಡುವ ಕರ್ತವ್ಯವೂ ಇದೆ ಎಂಬುದು ನನ್ನ ವಾದ. ಇದು ವಿದ್ಯಾರ್ಥಿಗೆ ತೋರುವ ಕರುಣೆಯಲ್ಲ, ಸಲ್ಲಬೇಕಾದ ಬಾಕಿ.

ಉಳಿಸುವುದಕ್ಕೆ ಇನ್ನೊಂದು ಕಾರಣ ಈ ನೆಲಕ್ಕೇ ಸೇರಿದ್ದು. ಸೂಕ್ಷ್ಮ ಅರ್ಥಶಾಸ್ತ್ರದ ಪಾಠ ಕೇಂದ್ರದ ‘ಸ್ವಯಂ’ ವೇದಿಕೆಯಲ್ಲೂ ಸಿಗುತ್ತದೆ. ಆದರೆ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಮುಂಡರಗಿ ಶಿಬಿರವನ್ನು ಮುನ್ನಡೆಸಿ, ಮುಂದೆ ಸಂಸದರೂ ಆದ ಅಳವಂಡಿಯ ಶಿವಮೂರ್ತಿಸ್ವಾಮಿಯವರ ಬಗ್ಗೆ, 1112ರ ಇಟಗಿ ಮಹಾದೇವ ದೇವಾಲಯದ ಬಗ್ಗೆ, ಕಿನ್ನಾಳದ ಬೊಂಬೆ ಕೆಲಸದವರ ಬದುಕಿನ ಬಗ್ಗೆ ಕನ್ನಡದಲ್ಲಿ ಪಾಠ ಹೇಳಬಲ್ಲವರು ಇಲ್ಲಿನ ಕಾಲೇಜುಗಳ ಅಧ್ಯಾಪಕರು. ಇಂಥ ಪಾಠವನ್ನು ಒಂದು ಸಲ ಕಳೆದುಕೊಂಡರೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ತರಿಸಿಕೊಳ್ಳಲಾಗದು. ಎಲ್‌ಎಂಎಸ್‌ಗಳಲ್ಲಿ ಪಾಠಗಳನ್ನು ಜೋಡಿಸುವುದು ಪತ್ರಿಕೆಯ ಕೋಡ್ ಮತ್ತು ಸೆಮಿಸ್ಟರ್‌ಗೆ ಅನುಸಾರವಾಗಿ. ಕೋಡ್ ಬದಲಾದ ದಿನ ಇಟಗಿ ದೇವಾಲಯದ ಪಾಠವೂ ಅನಾಥ. ದೇವಾಲಯವೇನೂ ಬದಲಾಗಿರುವುದಿಲ್ಲ. ಪಾಠದ ಗುರುತು ಅದರ ವಿಷಯಕ್ಕೆ ಅಂಟಿಕೊಂಡಿದ್ದರೆ ಮೂರು ಸ್ಕೀಮ್‌ಗಳೂ ಅದನ್ನೇ ಬಳಸಿಕೊಳ್ಳಬಹುದಿತ್ತು.

ಕನ್ನಡದ ಪಾಠಗಳಿಗೆ ಇನ್ನೊಂದು ತೊಡಕೂ ಇದೆ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಆಗಿಸಿದ ನೋಟ್ಸ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಆದರೆ ಅವುಗಳೊಳಗೆ ‘ಚಾಲುಕ್ಯ’ ಎಂದು ಹುಡುಕಿದರೆ ಸಿಗದು. ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದುರುತ್ತವೆ. ಕಣ್ಣು ಕಾಣದ ವಿದ್ಯಾರ್ಥಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅವು ದಕ್ಕವು. ಅವನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿದ ಮೇಲೆ ಒಬ್ಬರು ಕೂತು ಒತ್ತಕ್ಷರ, ಅರ್ಕಾವತ್ತುಗಳನ್ನು ತಿದ್ದಬೇಕು, ಅಷ್ಟೆ. ನನ್ನನ್ನು ಕೇಳಿದರೆ ವಿಶ್ವವಿದ್ಯಾಲಯದ ಮೊದಲ ರೂಪಾಯಿ ಇದಕ್ಕೇ ಹೋಗಬೇಕು.

ತಂತ್ರಜ್ಞಾನ ಮುಪ್ಪಾಗುವ ವೇಗವನ್ನು ಕರ್ನಾಟಕ ಆಗಲೇ ಕಂಡಿದೆ. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಪಾಠ ಪ್ರಸಾರ ಮಾಡಿದ ಮೊದಲಿಗರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. 2010ರಲ್ಲಿ ಆ ಉಪಗ್ರಹದ ಕೆಲಸ ಮುಗಿಯಿತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ ಫ್ಲ್ಯಾಶ್‌ಗೆ ವಿದಾಯ ಹೇಳಿದಾಗ ಅದರಲ್ಲಿ ಮಾಡಿದ್ದ ಪಾಠಗಳೆಲ್ಲ ಬ್ರೌಸರ್‌ಗಳಲ್ಲಿ ತೆರೆಯದಾದವು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಉಚಿತ ಜಾಗ ಕೊಡುತ್ತಿದ್ದ ಗೂಗಲ್, 2022ರ ಜುಲೈನಿಂದ ಇಡೀ ಸಂಸ್ಥೆಗೆ 100 ಟೆರಾಬೈಟ್ ಎಂಬ ಮಿತಿ ಹಾಕಿತು. ಕೋವಿಡ್ ಕಾಲದ ರೆಕಾರ್ಡಿಂಗ್‌ಗಳನ್ನು ಅಲ್ಲಿ ತುಂಬಿಟ್ಟಿದ್ದ ಸಂಸ್ಥೆಗಳು ಆಗ ಲೆಕ್ಕ ಹಾಕತೊಡಗಿದವು.

ದೊಡ್ಡ ವಿಶ್ವವಿದ್ಯಾಲಯಗಳೂ ಇಲ್ಲಿ ಎಡವಿವೆ. ಕಿವುಡರಿಗೆ ನೆರವಾಗುವ ಅಡಿಬರಹಗಳಿಲ್ಲ ಎಂಬ ದೂರನ್ನು ಅಮೆರಿಕದ ನ್ಯಾಯ ಇಲಾಖೆ ಎತ್ತಿಹಿಡಿದಾಗ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2017ರಲ್ಲಿ 20,000ಕ್ಕೂ ಹೆಚ್ಚು ಉಪನ್ಯಾಸಗಳನ್ನು ಸಾರ್ವಜನಿಕರ ಕೈಗೆ ಸಿಗದಂತೆ ತೆಗೆಯಿತು. ಕೇಳಿದ್ದು ಅಡಿಬರಹ, ಸಿಕ್ಕಿದ್ದು ಬೀಗ. ಎಂಐಟಿಯ ದಾರಿ ಬೇರೆ: ಅದರ ಮುಕ್ತ ಪಾಠಮಾಲೆಯಲ್ಲಿ ಹೊಸ ಆವೃತ್ತಿ ಬಂದಾಗ ಹಳೆಯದನ್ನು ಗ್ರಂಥಾಲಯದ ಡಿಜಿಟಲ್ ಸಂಗ್ರಹಕ್ಕೆ ಸಾಗಿಸಿ ಶಾಶ್ವತ ವಿಳಾಸ ಕೊಡುತ್ತಾರೆ. ಅದಕ್ಕೆ ಬಳಸುವ ಡಿ-ಸ್ಪೇಸ್ ತಂತ್ರಾಂಶ ಉಚಿತ. ನಮ್ಮ ಪಿಎಚ್.ಡಿ. ಪ್ರಬಂಧಗಳನ್ನು ಇಡುವ ‘ಶೋಧಗಂಗಾ’ ಕೂಡ ಅದರ ಮೇಲೆಯೇ ನಡೆಯುತ್ತಿದೆ. ಅಂದರೆ ವಿದ್ಯೆ ಹೊಸದಲ್ಲ, ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಪಾಲಕರಿಗೆ ಪರಿಚಿತವೇ. ಪ್ರಬಂಧಕ್ಕೆ ಸಿಕ್ಕ ಗೌರವ ಪಾಠಕ್ಕೆ ಸಿಕ್ಕಿಲ್ಲ, ಅಷ್ಟೆ.

ಎಲ್ಲವನ್ನೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ಹಾಜರಿ ಕೂಗಿದ, ನೆಟ್‌ವರ್ಕ್ ಕಡಿದ, ವಿದ್ಯಾರ್ಥಿಗಳ ಮುಖ, ದನಿ, ಮನೆಯ ಒಳಾಂಗಣ ಸೆರೆಯಾದ ನೇರ ತರಗತಿಯ ರೆಕಾರ್ಡಿಂಗ್‌ಗಳನ್ನು ಅಳಿಸುವುದೇ ಸರಿ. ಅವರ ಖಾಸಗಿತನ ದೊಡ್ಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೂ ಅದೇ. ಉಳಿಸುವುದರಲ್ಲೂ ಮಿತವಾಗಿರಬಹುದು. ಒಂದು ಗಂಟೆಯ ಉಪನ್ಯಾಸದ ದನಿಯನ್ನಷ್ಟೇ ಇಟ್ಟರೆ 30 ಎಂಬಿಯೂ ಬೇಡ, ವಿಡಿಯೊಗೆ ಅದರ ಹತ್ತು ಪಟ್ಟು ಬೇಕಾದೀತು. ಅಳವಂಡಿ ಸುತ್ತಲಿನ ಹಳ್ಳಿಯಲ್ಲಿ ದಿನದ ಡೇಟಾ ಲೆಕ್ಕ ಹಾಕಿ ಬಳಸುವ ವಿದ್ಯಾರ್ಥಿಗೂ ದನಿ ಮತ್ತು ನೋಟ್ಸೇ ಅನುಕೂಲ.

ಹಕ್ಕಿನ ಪ್ರಶ್ನೆ ಇದಕ್ಕಿಂತ ಕಠಿಣ. ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರದು ಎನ್ನುತ್ತದೆ 1957ರ ಹಕ್ಕುಸ್ವಾಮ್ಯ ಕಾಯ್ದೆ. ಆದರೆ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ವರ್ಷ ವರ್ಷ ನೇಮಕಕ್ಕೆ ಕಾಯುವ ಅವರು ಮಾಡಿದ ಪಾಠವನ್ನು ಅವರು ಕೆಲಸದಲ್ಲಿಲ್ಲದ ವರ್ಷವೂ ಬಳಸುವುದಾದರೆ, ಲಿಖಿತ ಒಪ್ಪಿಗೆ ಬೇಕು, ಪಾಠದ ಮೇಲೆ ಹೆಸರಿರಬೇಕು, ಮುಂದಿನ ಆಯ್ಕೆಯಲ್ಲಿ ಅದಕ್ಕೆ ಬೆಲೆ ಸಿಗಬೇಕು. ಹೆಸರು ಅಳಿಸಿ ಪಾಠ ಉಳಿಸಿಕೊಳ್ಳುವುದು ಅನ್ಯಾಯ.

ವೇತನಕ್ಕೇ ಪರದಾಡುವ ಹೊಸ ವಿಶ್ವವಿದ್ಯಾಲಯಕ್ಕೆ ಇದೆಲ್ಲ ಹೊರೆ ಎನ್ನುವವರಿದ್ದಾರೆ. ಅದು ನಿಜವಾದ ಆಕ್ಷೇಪ. ಆದ್ದರಿಂದಲೇ ಹೊಣೆ ಒಂದು ವಿಶ್ವವಿದ್ಯಾಲಯದ ಮೇಲೆ ಬೀಳಬಾರದು. ಪ್ರವೇಶ, ಪರೀಕ್ಷೆ, ಅಂಕಗಳಿಗೆ ರಾಜ್ಯವೇ ‘ಯುಯುಸಿಎಂಎಸ್’ ಎಂಬ ಸಮಗ್ರ ವ್ಯವಸ್ಥೆ ಕಟ್ಟಿದೆ. ವಿದ್ಯಾರ್ಥಿಯ ಅಂಕಕ್ಕೆ ಹೀಗೆ ರಾಜ್ಯಮಟ್ಟದ ಮನೆ ಇದೆ, ಆ ಅಂಕ ತಂದುಕೊಟ್ಟ ಪಾಠಕ್ಕೆ ಇಲ್ಲ. ಪ್ರತಿ ಸ್ಕೀಮ್ ಮುಗಿದಾಗ ಅದರ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಆಯ್ದ ಪಾಠಗಳು ರಾಜ್ಯಮಟ್ಟದ ಒಂದು ಸಂಗ್ರಹಕ್ಕೆ ಸೇರಿ, ಇನ್ನೊಂದು ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿಯಬೇಕು. ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವೂ ಆಕ್ಸೆಷನ್ ರಿಜಿಸ್ಟರ್‌ನಲ್ಲಿ ಸಂಖ್ಯೆ ಪಡೆಯುತ್ತದೆ; ತೆಗೆದುಹಾಕುವಾಗಲೂ ಕಾರಣ ಬರೆದು ಸಹಿ ಮಾಡಿಸುತ್ತಾರೆ. ಡಿಜಿಟಲ್ ಪಾಠಕ್ಕೂ ಅಂಥದ್ದೇ ರಿಜಿಸ್ಟರ್ ಇರಲಿ, ಕಾಲೇಜು ಮಟ್ಟದಲ್ಲಿ ಅದನ್ನು ಗ್ರಂಥಪಾಲಕರೇ ನಿರ್ವಹಿಸಲಿ.

ಕೊಪ್ಪಳ ವಿಶ್ವವಿದ್ಯಾಲಯ ಉಳಿದು ಬೆಳೆಯಲಿ ಎಂಬುದೇ ಈ ಭಾಗದ ಜನರ ಹಾರೈಕೆ, ನನ್ನದೂ ಅದೇ. ಆದರೂ ವಿಲೀನದ್ದಾಗಲಿ, ಮುಂದುವರಿಕೆಯದ್ದಾಗಲಿ, ಯಾವ ಆದೇಶ ಹೊರಟರೂ ಅದರಲ್ಲಿ ಆಸ್ತಿ, ಸಿಬ್ಬಂದಿ, ಕಡತಗಳ ಹಸ್ತಾಂತರದ ಜೊತೆಗೆ ಪಾಠಗಳದ್ದೂ ಒಂದು ಕಂಡಿಕೆ ಇರಬೇಕು: ಯಾವ ಸ್ಕೀಮಿನ ಯಾವ ಪಾಠಗಳು, ಯಾವ ರೂಪದಲ್ಲಿ, ಯಾರ ವಶಕ್ಕೆ, ಆ ಸ್ಕೀಮಿನ ಕೊನೆಯ ವಿದ್ಯಾರ್ಥಿ ಪರೀಕ್ಷೆ ಮುಗಿಸುವವರೆಗೆ ಯಾವ ವಿಳಾಸದಲ್ಲಿ ಸಿಗುತ್ತವೆ. ಹಸ್ತಾಂತರಿಸಲು ಮೊದಲು ಪಟ್ಟಿ ಬೇಕಲ್ಲ, ಆ ಪಟ್ಟಿ ಮಾಡುವ ಕೆಲಸಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ. ಜಿಲ್ಲೆಯ ಕಾಲೇಜುಗಳು ಈ ಸೆಮಿಸ್ಟರ್‌ನಲ್ಲೇ ಶುರುಮಾಡಬಹುದು.