ಅರ್ಧ ಕಿಲೋದ ಪ್ರಾಮಾಣಿಕತೆ

ಯುವ ನಾಯಕತ್ವದ ಶಿಬಿರವೊಂದಕ್ಕೆ ಹೋಗಿಬಂದ ಕೊಡಗಿನ ಬಿಟ್ಟಂಗಾಲದ ಹುಡುಗನೊಬ್ಬ ಮೊನ್ನೆ ಹೇಳಿದ: "ನಾನು ಸರಿಯಾದ್ರೆ ಸಾಕು ಅಂಕಲ್, ಪ್ರಪಂಚ ತಾನಾಗೇ ಸರಿಯಾಗುತ್ತೆ." ಮೂರು ದಿನ ಮೌಲ್ಯ, ಮೌನ, ಆತ್ಮಾವಲೋಕನ ಎಲ್ಲ ಮುಗಿಸಿ ಬಂದಿದ್ದ. ಹೇಳುವಾಗ ಕಣ್ಣಲ್ಲಿ ಕಪಟವಿರಲಿಲ್ಲ, ಹಾಗಾಗಿ ನಗಲು ಮನಸ್ಸಾಗಲಿಲ್ಲ. ಆದರೆ ಈ ಮಾತು ಅರ್ಧ ಸುಳ್ಳು, ಮತ್ತು ಆ ಸುಳ್ಳಿನ ಅರ್ಧಕ್ಕೇ ಈಗ ಗಿರಾಕಿ ಜಾಸ್ತಿ. ಗಾಂಧೀಜಿ ಹೆಸರಿನಲ್ಲಿ ಟೀ ಶರ್ಟಿನ ಮೇಲೆಲ್ಲ ಅಚ್ಚಾಗುವ ಇದೇ ಅರ್ಥದ ಇಂಗ್ಲಿಷ್ ಘೋಷಣೆ ಅವರ ಬರಹಗಳಲ್ಲಿ ಆ ರೂಪದಲ್ಲಿ ಸಿಗುವುದೇ ಇಲ್ಲ. ಸಿಗುವುದಾದರೂ ಹೇಗೆ? ತಾನು ಸರಿಯಾದರೆ ಸಾಕು ಎಂದುಕೊಂಡಿದ್ದರೆ 1930ರಲ್ಲಿ ಆ ಮುದುಕ ಆಶ್ರಮದಲ್ಲೇ ಉಪ್ಪು ಬಿಟ್ಟು ಊಟ ಮಾಡುತ್ತಿದ್ದರು. ದಂಡಿಯವರೆಗೆ ನಡೆಯುವ ಕಷ್ಟ ಯಾಕೆ?

ನನ್ನ ಮಾತು ಇಷ್ಟೆ. ಒಳಗೆ ನೋಡಿಕೊಳ್ಳುವುದು ಒಳ್ಳೆಯದು. ಆದರೆ ಅಲ್ಲಿ ಕಂಡ ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬೇಕಾದವನು ನಾನಲ್ಲ, ನನ್ನಿಂದ ಬರಬೇಕಾದ್ದು ಬಾಕಿ ಇರುವವನು.

ಇಂಥ ಶಿಬಿರಗಳ ವಂಶಾವಳಿ ಹುಡುಕುತ್ತ ಹೋದರೆ ಒಂದು ಕವಲು ಫ್ರಾಂಕ್ ಬುಕ್ಮನ್ ಎಂಬ ಅಮೆರಿಕದ ಪಾದ್ರಿಯ ಹತ್ತಿರ ಬಂದು ನಿಲ್ಲುತ್ತದೆ. ಫಿಲಡೆಲ್ಫಿಯಾದಲ್ಲಿ ಬಡ ಹುಡುಗರ ವಸತಿಗೃಹ ನಡೆಸುತ್ತಿದ್ದ ಈತ ಖರ್ಚಿನ ವಿಷಯಕ್ಕೆ ಆಡಳಿತ ಸಮಿತಿಯ ಜೊತೆ ಜಗಳವಾಡಿ ಕೆಲಸ ಬಿಟ್ಟ. ಸಿಟ್ಟು ಹೊಟ್ಟೆಯೊಳಗೇ ಇಟ್ಟುಕೊಂಡು ಊರೂರು ಸುತ್ತಿದ. 1908ರಲ್ಲಿ ಇಂಗ್ಲೆಂಡಿನ ಕೆಸಿಕ್‌ನಲ್ಲಿ ಒಂದು ಪ್ರವಚನ ಕೇಳಿದ ಮೇಲೆ, ಸಮಿತಿಯ ಆರೂ ಜನರಿಗೆ ಒಂದೊಂದು ಪತ್ರ ಬರೆದು ಕ್ಷಮೆ ಕೇಳಿದ. ಒಬ್ಬರೂ ಉತ್ತರ ಬರೆಯಲಿಲ್ಲ. ಇದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ: ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು ಹಗುರಾಗುವ ಬದಲು ಅಂಚೆಗೆ ಹಾಕಿದ. ಮುಂದೆ ಈತನೇ 1938ರಲ್ಲಿ ನೈತಿಕ ಪುನಶ್ಶಸ್ತ್ರೀಕರಣ ಎಂಬ ಚಳವಳಿ ಶುರು ಮಾಡಿದ. ಸಂಪೂರ್ಣ ಪ್ರಾಮಾಣಿಕತೆ, ಸಂಪೂರ್ಣ ಶುದ್ಧತೆ, ಸಂಪೂರ್ಣ ನಿಸ್ವಾರ್ಥ, ಸಂಪೂರ್ಣ ಪ್ರೀತಿ ಅದರ ನಾಲ್ಕು ಕಂಬ. ಬೆಳಗ್ಗೆ ಎದ್ದು ಮೌನವಾಗಿ ಕೂತು, ಒಳಗಿನಿಂದ ಬಂದದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಅದರ ಅಭ್ಯಾಸ.

ಆದರೆ ಇದೇ ಮನುಷ್ಯ 1936ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟು, ಕಮ್ಯುನಿಸಂಗೆ ಅಡ್ಡ ನಿಂತ ಹಿಟ್ಲರನಂಥವನನ್ನು ಕೊಟ್ಟದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಿದ. ಮಾತನ್ನು ಸಂದರ್ಭದಿಂದ ಕಿತ್ತು ಹಾಕಿದ್ದಾರೆ ಎಂದು ಅನುಯಾಯಿಗಳು ವಾದಿಸಿದರು, ಇರಲಿ. ದಿನಾ ಬೆಳಗ್ಗೆ ಮೌನದಲ್ಲಿ ಕೂತವನಿಗೆ ಆ ಮೌನ ಬರ್ಲಿನ್ನಿನ ಯಹೂದಿಯ ದನಿ ಕೇಳಿಸಲಿಲ್ಲ. ಆರು ಪತ್ರ ಬರೆದಾಗ ಕಣ್ಣ ಮುಂದೆ ಆರು ಮುಖಗಳಿದ್ದವು, ಇಲ್ಲಿ ಇರಲಿಲ್ಲ.

ಎದುರು ವಾದವನ್ನು ಗೌರವದಿಂದಲೇ ಕೇಳಬೇಕು. ಬೀದಿಗಿಳಿದವರೆಲ್ಲ ಏನಾದರು ನೋಡಿ ಎನ್ನುತ್ತಾರೆ. 1974ರ ಬಿಹಾರದ ವಿದ್ಯಾರ್ಥಿ ಚಳವಳಿಯಲ್ಲಿ ಜಯಪ್ರಕಾಶ ನಾರಾಯಣರ ಹಿಂದೆ ನಿಂತಿದ್ದ ಲಾಲು ಪ್ರಸಾದ್ 2013ರಲ್ಲಿ ಮೇವು ಹಗರಣದಲ್ಲಿ ಅಪರಾಧಿ ಎಂದು ತೀರ್ಪಾಯಿತು. ವ್ಯವಸ್ಥೆ ಬದಲಿಸಲು ಹೊರಟವನು ತನ್ನನ್ನು ಒಂದು ಸಲವೂ ಕೇಳಿಕೊಳ್ಳದಿದ್ದರೆ ಕುರ್ಚಿಯಲ್ಲಿ ಕೂರುವ ಮನುಷ್ಯ ಮಾತ್ರ ಬದಲಾಗುತ್ತಾನೆ. ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಜೊತೆಗೆ, ಫೋನು ಬದಿಗಿಟ್ಟು ಅರ್ಧ ಗಂಟೆ ಒಬ್ಬನೇ ಕೂತೇ ಇರದ ಹುಡುಗರಿಗೆ ಆ ಅರ್ಧ ಗಂಟೆ ಕೊಡುವ ಶಿಬಿರವನ್ನು ಹಗುರವಾಗಿ ಕಾಣಲಾರೆ. ರಾಜಮೋಹನ ಗಾಂಧಿಯವರ ಮುಂದಾಳತ್ವದಲ್ಲಿ 1968ರಲ್ಲಿ ಪಂಚಗಣಿಯಲ್ಲಿ ಶುರುವಾದ, ಬುಕ್ಮನ್‌ನ ಚಳವಳಿಯದೇ ಕೇಂದ್ರವಾದ ಏಷ್ಯಾ ಪ್ಲೇಟೊದಲ್ಲಿ ಶಿಬಿರಕ್ಕೆ ಬಂದವರೇ ಸರದಿಯಂತೆ ಪಾತ್ರೆ ತೊಳೆಯುತ್ತಾರೆ; ಭಾಷಣಕ್ಕಿಂತ ಅದು ಮೇಲು. ಇನ್ನು ಬಯೋಡೇಟಾದಲ್ಲಿ ನಾಯಕತ್ವದ ಒಂದು ಸಾಲು ಸೇರಲಿ ಎಂದು ಹೋಗುವವರ ಬಗ್ಗೆ ಹೇಳುವುದೇನೂ ಇಲ್ಲ.

ನಮ್ಮಲ್ಲೇ ಈ ಶಿಬಿರಗಳಿಗಿಂತ ಖಾರವಾದ ಮಾದರಿ ಇದೆ. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಗದರಿಸಿ, ಹೆಚ್ಚಿನದನ್ನು ಆಯ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ಮಾರಯ್ಯ ಕಳ್ಳನಲ್ಲ, ಶರಣ. ಒಬ್ಬನೇ ಕಣ್ಣು ಮುಚ್ಚಿ ಕೂತಿದ್ದರೆ ಆ ಹೆಚ್ಚಿನ ಅಕ್ಕಿಗೂ ದಾಸೋಹದ ಹೆಸರಲ್ಲಿ ಒಂದು ನ್ಯಾಯ ಕಂಡುಕೊಳ್ಳುತ್ತಿದ್ದ. ಕಂಡದ್ದು ಅಡುಗೆ ಮಾಡುವವಳಿಗೆ, ಮನೆಯ ಅಳತೆ ಗೊತ್ತಿದ್ದವಳಿಗೆ.

ಕೊಡಗಿನ ಮಕ್ಕಳಿಗೆ ನಾಯಕತ್ವವನ್ನು ಪರದೆ ಮೇಲೆ ಪಾಠ ಮಾಡುವುದು ಕಂಡರೆ ನನಗೆ ತಮಾಷೆ. ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದ್ದೀರಾ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸುವ ಹೊತ್ತಿಗೆ 360 ತಂಡ, ಗಿನ್ನೆಸ್ ದಾಖಲೆ. ಒಂದೊಂದು ವರ್ಷ ಒಂದೊಂದು ಒಕ್ಕದ, ಅಂದರೆ ಮನೆತನದ, ಹೊಣೆ. ತಂಡವೆಂದರೆ ಒಂದೇ ಮನೆತನದ ಅಜ್ಜ, ಸೊಸೆ, ಹೈಸ್ಕೂಲು ಹುಡುಗ ಎಲ್ಲ. ಕಾಲೇಜು ಹುಡುಗಿ ಕ್ಯಾಪ್ಟನ್ ಆಗಿದ್ದರೆ ಮಿಲಿಟರಿಯಿಂದ ರಿಟೈರಾದ ದೊಡ್ಡಪ್ಪನಿಗೆ "ನೀವು ಹಿಂದೆಯೇ ನಿಲ್ಲಿ" ಎಂದು ಹೇಳಬೇಕು, ಅವರು ನಿಲ್ಲಬೇಕು. ಸ್ವಾರ್ಥಕ್ಕೆ ಪಾಸ್ ಕೊಡದೆ ಗೋಲು ತಪ್ಪಿಸಿದವನಿಗೆ ಆತ್ಮಾವಲೋಕನದ ಶ್ರಮವೇ ಇಲ್ಲ. ಊಟದ ಹೊತ್ತಿಗೆ ಐನ್‌ಮನೆಯವರೆಲ್ಲ, ಅಂದರೆ ಮೂಲ ಮನೆಯವರೆಲ್ಲ, ಸೇರಿ ಅವಲೋಕಿಸಿ ಮುಗಿಸಿರುತ್ತಾರೆ. ಈ ಹಬ್ಬದ ಬಗ್ಗೆ ಹೇಳತೊಡಗಿದರೆ ನನಗೆ ನಿಲ್ಲಿಸುವುದು ಕಷ್ಟ. ಆದರೂ ಒಂದು ಮಾತು ನುಂಗಲಾರೆ: ಈ ಲೆಕ್ಕ ಒಕ್ಕದ ಬೇಲಿಯೊಳಗಿನದು. ಬೇಲಿಯಾಚೆಗೆ ತೋಟದ ಕೂಲಿಗಳ ಲೈನ್ ಮನೆ ಇದೆ.

ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ದಾರಿಯ ಬಿಟ್ಟಂಗಾಲದ ಸುತ್ತ ಎಲ್ಲಿ ನಿಂತರೂ ಕಾಫಿ ತೋಟ. ಜನವರಿಯ ಒಂದು ಸಂಜೆ ಯಾವುದಾದರೂ ಕಣದ ಹತ್ತಿರ ಹೋಗಿ. ಎರವ ಬುಡಕಟ್ಟಿನ ಹೆಂಗಸರು, ಅಸ್ಸಾಮಿನಿಂದ ಬಂದವರು, ಆ ದಿನ ಕೊಯ್ದ ರೊಬಸ್ಟಾ ಹೊತ್ತು ಸಾಲಾಗಿ ನಿಂತಿರುತ್ತಾರೆ. ಕೂಲಿ ಕಿಲೋ ಲೆಕ್ಕ. ತಕ್ಕಡಿ ಮುಳ್ಳು ನಲವತ್ತೆರಡೂವರೆಯಲ್ಲಿ ಅಲುಗುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ನಲವತ್ತೊಂದು ಎಂದು ಬರೆಯುತ್ತಾನೆ. ಎಲೆ, ಕಡ್ಡಿಗೆ ಅರ್ಧ, ಚೀಲಕ್ಕೆ ಒಂದು. ಚೀಲ ಪ್ಲಾಸ್ಟಿಕ್ಕಿನದು, ಇನ್ನೂರು ಗ್ರಾಂ ಕೂಡ ತೂಗುವುದಿಲ್ಲ ಎನ್ನುವುದು ತೂಗುವವನಿಗೂ ಗೊತ್ತು, ಹೊತ್ತವಳಿಗೂ ಗೊತ್ತು. ಎಲ್ಲ ತೋಟಗಳೂ ಹೀಗಲ್ಲ, ಗ್ರಾಂ ಬಿಡದೆ ತೂಗಿಸುವ ಮಾಲೀಕರೂ ಇದ್ದಾರೆ. ಆದರೆ ಸಂಪೂರ್ಣ ಪ್ರಾಮಾಣಿಕತೆಯ ಬಗ್ಗೆ ಮೂರು ದಿನ ಡೈರಿ ಬರೆದ ಮಾಲೀಕನ ಮಗ ಈ ತಕ್ಕಡಿಯ ಪಕ್ಕ ಒಂದು ಸಂಜೆಯೂ ನಿಲ್ಲದಿದ್ದರೆ ಆ ಡೈರಿಗೆ ಏನು ಬೆಲೆ? 2016ರ ಡಿಸೆಂಬರಿನಲ್ಲಿ ಇದೇ ಸೀಮೆಯ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಅವರಲ್ಲಿ ಬಹಳ ಜನ ಲೈನ್ ಮನೆಯ ಬದುಕು ಸಾಕೆಂದು ಹೊರಬಂದವರು. ಆ ಲೈನ್ ಮನೆಗಳ ಪಕ್ಕದಲ್ಲೇ ಬೆಳೆದ ನಮ್ಮ ಎಳೆಯರು ಆಗಲೂ ಎಲ್ಲೋ ದೂರದ ಬೆಟ್ಟದ ಮೇಲೆ ತಮ್ಮನ್ನು ತಾವು ಹುಡುಕಿಕೊಳ್ಳುತ್ತಿದ್ದರು.

ಆದ್ದರಿಂದ ಶಿಬಿರ ನಡೆಸುವವರಿಗೆ ನನ್ನದೊಂದು ಬೇಡಿಕೆ. ಮೂರು ದಿನ ಇರಲಿ, ಮೌನವೂ ಇರಲಿ. ಆಮೇಲೆ ಪ್ರಮಾಣಪತ್ರ ಕೊಡುವ ಮೊದಲು ಪ್ರತಿಯೊಬ್ಬರನ್ನೂ ಒಂದು ವಾರ ತಮ್ಮ ತಮ್ಮ ಮನೆಯ ತಕ್ಕಡಿ, ಅಂಗಡಿ, ಅಡುಗೆಮನೆಯ ಹತ್ತಿರ ಕೂರಿಸಿ. ತೋಟದ ಮಕ್ಕಳು ರೈಟರ್ ಪಕ್ಕ ಕೂತು ತಾವೇ ತೂಕ ಬರೆದುಕೊಳ್ಳಲಿ. ಸಂತೆಯ ಹಿಂದಿನ ದಿನ ಬಟವಾಡೆ ಆಗುವಾಗ ಎರಡು ಪುಸ್ತಕವನ್ನೂ ಕೊಯ್ದವರ ಮುಂದೆ ಓದಿ ಹೇಳಲಿ, ಸರಿಯೋ ತಪ್ಪೋ ಅವರು ಹೇಳಲಿ. ಮೇ ತಿಂಗಳ ರಜೆಯಲ್ಲಿ ಇದು ಆಗುವ ಕೆಲಸವಲ್ಲ, ಆಗ ಕಣ ಖಾಲಿ. ಜನವರಿಯಲ್ಲೇ ಇಟ್ಟುಕೊಳ್ಳಬೇಕು, ಕಾಲೇಜಿಗೆ ಒಂದು ವಾರ ರಜೆ ಹಾಕಿಸಿಯಾದರೂ.