ಪಿಟೀಲು ಮತ್ತು ಬಿ.ಎಸ್ಸಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಕಳೆದ ವಾರ ಮನೆಗೆ ಬಂದಿದ್ದರು. ‘ಬಿ.ಎಸ್ಸಿ. ಎರಡನೇ ವರ್ಷ ಸಾರ್. ಪಿಟೀಲು ಬಿಟ್ಟುಬಿಡು ಅಂತ ನೀವೇ ಹೇಳಿ’ ಎಂದರು. ನಾನು ಒಪ್ಪಲಿಲ್ಲ. ಹಿಂದೊಮ್ಮೆ ಇಂಥದೇ ಮಾತಿಗೆ ತಲೆಯಾಡಿಸಿ ಒಬ್ಬ ಹುಡುಗಿಯ ವೀಣೆಪಾಠ ಬಿಡಿಸಿದ್ದೆ. ಅಂಕಗಳೇನೂ ಏರಲಿಲ್ಲ; ವೀಣೆಯ ಗವಸನ್ನು ಮಾತ್ರ ಅವಳು ಮತ್ತೆ ತೆಗೆಯಲಿಲ್ಲ.

1925ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಭೌತವಿಜ್ಞಾನದ ಜೊತೆಯಲ್ಲೇ ಪಿಯಾನೋ ಕಲಿತವರು. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರೂ ಪಿಯಾನೋ ಬಿಡಲಿಲ್ಲ. 1993ರಲ್ಲಿ ಸಂಗೀತದ ಬಗ್ಗೆ ಪುಸ್ತಕವನ್ನೇ ಬರೆದರು. ‘ಅವರು ರಾಮಣ್ಣ ಸಾರ್, ನಮ್ಮವನು?’ ಎಂದರು ತಂದೆ. ಅದೂ ಸರಿಯೇ.

ಆದರೆ ಪ್ರಯೋಗಾಲಯದಲ್ಲಿ ಸೋನೋಮೀಟರಿನ ತಂತಿಯನ್ನು ಶ್ರುತಿಕವೆಗೆ ಹೊಂದಿಸುವಾಗ, ಉಳಿದವರು ತಂತಿಯ ಮೇಲಿನ ಕಾಗದದ ಚೂರು ಹಾರಲೆಂದು ಕಾಯುತ್ತಾರೆ. ಇವನಿಗೆ ಕಿವಿಯೇ ಮೊದಲು ಹೇಳಿಬಿಡುತ್ತದಂತೆ. ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಇಮ್ಮಡಿ, ಮಧ್ಯ ಷಡ್ಜ ತಾರ ಷಡ್ಜ. ಅದು ಅವನ ಬೆರಳಿಗೇ ಗೊತ್ತು.

ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಸಾಕು (ಭಾನುವಾರ ಒಂದೇ ಸಮನೆ ಮೂರು ಗಂಟೆ ಕುಯ್ದರೆ ನೆರೆಯವರಿಗೂ ಕಷ್ಟ). ಪರೀಕ್ಷೆಯ ತಿಂಗಳು ಪಾಠಕ್ಕೆ ರಜೆ ಕೊಡಿಸಿ, ಪಿಟೀಲನ್ನು ಅಟ್ಟಕ್ಕೇರಿಸಬೇಡಿ ಎಂದೆ. ‘ನೋಡೋಣ ಸಾರ್’ ಎಂದು ಎದ್ದರು.